ಜೂನ್ 18: ಇನ್ನೊಂದು ತುದಿಯಲ್ಲಿ ನಿಂತವರು

ನಮ್ಮ ದಿನಪತ್ರಿಕೆಗಳ ಒಳಪುಟದಲ್ಲಿ ‘ಇತಿಹಾಸದಲ್ಲಿ ಈ ದಿನ’ ಎಂಬ ಸಣ್ಣ ಚೌಕವೊಂದು ಬರುವುದನ್ನು ಓದುಗರು ನೋಡಿರುತ್ತೀರಿ. ಯಾರು ಹುಟ್ಟಿದರು, ಯಾರು ತೀರಿಕೊಂಡರು, ಯಾವ ಯುದ್ಧ ಮುಗಿಯಿತು ಎಂಬ ನಾಲ್ಕೈದು ಸಾಲು. ಆಟದ ಪುಟಕ್ಕೂ ಅಂಥದೇ ಒಂದು ಚೌಕ ಇರುತ್ತದೆ. ಅಮೆರಿಕದವರು ತಮ್ಮ ಫುಟ್‌ಬಾಲನ್ನು (ಹೆಸರಿಗೆ ಕಾಲ್ಚೆಂಡಾದರೂ ಕೈಯಲ್ಲೇ ಹೆಚ್ಚು ಆಡುವ ಆಟ ಅದು) ಹೀಗೆ ತಾರೀಖು ಹಿಡಿದು ನೆನೆಯುತ್ತಾರೆ. ನಮ್ಮಲ್ಲಿ ಆ ಜಾಗ ಕ್ರಿಕೆಟ್ಟಿಗೆ ಸಲ್ಲುತ್ತದೆ. ಪ್ರತಿ ವರ್ಷ ಜೂನ್ 18 ಬಂದರೆ ಆ ಚೌಕದಲ್ಲಿ ಏನಿರುತ್ತದೆಂದು ಪತ್ರಿಕೆ ಬಿಡಿಸುವ ಮೊದಲೇ ಹೇಳಬಹುದು: 1983, ಜಿಂಬಾಬ್ವೆ ವಿರುದ್ಧ ಕಪಿಲ್ ದೇವ್ ಅಜೇಯ 175.

ಈ ಸಾಲಿನಲ್ಲಿ ತಪ್ಪೇನೂ ಇಲ್ಲ. ಆದರೆ ಕಥೆ ಬರೆಯುವವನಾದ ನನಗೆ ಆ ಸಾಲಿನ ಮೇಲೆ ಹಳೆಯ ಜಗಳವೊಂದಿದೆ. ಅದು ಒಬ್ಬ ಮನುಷ್ಯನನ್ನೂ ಒಂದು ಅಂಕಿಯನ್ನೂ ಇಟ್ಟುಕೊಂಡು ಉಳಿದವರನ್ನು ಹೊರಗೆ ಕಳಿಸಿಬಿಡುತ್ತದೆ. ಅದೂ ಅಲ್ಲದೆ, ಅದೇ ತಾರೀಖಿಗೆ ಮುಂದೆ ನಡೆದ ಇನ್ನೂ ಕೆಲವು ಸಂಗತಿಗಳಿಗೆ ಆ ಚೌಕದಲ್ಲಿ ಜಾಗವೇ ಸಿಗುವುದಿಲ್ಲ.

ಮೊದಲು ಪಂದ್ಯದ ವಿಷಯ. ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್ ಎಂಬ ಸಣ್ಣ ಊರಿನ ನೆವಿಲ್ ಮೈದಾನ. 1983ರ ಜೂನ್ 18, ಶನಿವಾರ. ಆಗಿನ ವಿಶ್ವಕಪ್ ಪಂದ್ಯಗಳು ಅರವತ್ತು ಓವರಿನವು. ಮೊದಲ ಎರಡು ಪಂದ್ಯ ಗೆದ್ದು ನಂತರದ ಎರಡನ್ನು ಕೆಟ್ಟದಾಗಿ ಸೋತಿದ್ದ ಭಾರತ ಈ ಪಂದ್ಯವನ್ನೂ ಸೋತರೆ ಮನೆದಾರಿ ಹಿಡಿಯುವ ಸ್ಥಿತಿಯಲ್ಲಿತ್ತು. ಟಾಸ್ ಗೆದ್ದು ಬ್ಯಾಟಿಂಗಿಗೆ ಇಳಿಯಿತು. ಗಾವಸ್ಕರ್ ಸೊನ್ನೆ, ಶ್ರೀಕಾಂತ್ ಸೊನ್ನೆ, ಮೊಹಿಂದರ್ ಅಮರನಾಥ್ 5, ಸಂದೀಪ್ ಪಾಟೀಲ್ 1, ಯಶಪಾಲ್ ಶರ್ಮಾ 9. ಹದಿನೇಳು ರನ್ನಿಗೆ ಐದು ವಿಕೆಟ್. ಅಲ್ಲಿಂದ ಇಪ್ಪತ್ನಾಲ್ಕು ವರ್ಷದ ನಾಯಕ 138 ಎಸೆತಗಳಲ್ಲಿ 175 ಹೊಡೆದ. ಹದಿನಾರು ಬೌಂಡರಿ, ಆರು ಸಿಕ್ಸರ್. ತಂಡದ ಮೊತ್ತ 8 ವಿಕೆಟ್ಟಿಗೆ 266. ಜಿಂಬಾಬ್ವೆಯ ಕೆವಿನ್ ಕರನ್ 73 ರನ್ ಹೊಡೆದು ಹೆದರಿಸಿದರೂ ಆ ತಂಡ 235ಕ್ಕೆ ಮುಗಿಯಿತು. ಭಾರತಕ್ಕೆ 31 ರನ್ ಗೆಲುವು. ಒಂದು ವಾರದ ನಂತರ, ಜೂನ್ 25ರಂದು ಲಾರ್ಡ್ಸ್‌ನಲ್ಲಿ ಏನಾಯಿತೆಂಬುದು ಎಲ್ಲರಿಗೂ ಗೊತ್ತು.

ಈ ಪಂದ್ಯವನ್ನು ಮೈದಾನದಲ್ಲಿದ್ದವರನ್ನು ಬಿಟ್ಟರೆ ಇನ್ಯಾರೂ ನೋಡಿಲ್ಲ. ಬಿಬಿಸಿಯ ಸಿಬ್ಬಂದಿ ಮುಷ್ಕರದಲ್ಲಿದ್ದರು ಎಂಬುದು ಎಲ್ಲೆಡೆ ಓಡಾಡುವ ಮಾತು. ಅದೇ ದಿನ ಲಾರ್ಡ್ಸ್‌ನಲ್ಲೂ ಮ್ಯಾಂಚೆಸ್ಟರಿನಲ್ಲೂ ದೊಡ್ಡ ತಂಡಗಳ ಪಂದ್ಯಗಳಿದ್ದುದರಿಂದ ಕ್ಯಾಮರಾಗಳು ಅತ್ತ ಹೋಗಿದ್ದವು ಎನ್ನುವವರೂ ಇದ್ದಾರೆ. ಕಾರಣ ಯಾವುದಾದರೂ ಇರಲಿ, ಆ ಆಟದ ಚಿತ್ರೀಕರಣ ಇಲ್ಲ. ಉಳಿದಿರುವುದು ಸ್ಕೋರ್‌ಕಾರ್ಡು, ಕೆಲವು ಛಾಯಾಚಿತ್ರಗಳು ಮತ್ತು ಬಾಯಿಮಾತು. ಎಲ್ಲವನ್ನೂ ಮತ್ತೆ ಮತ್ತೆ ನೋಡಬಹುದಾದ ಈ ಕಾಲದಲ್ಲಿ ಕಣ್ಣಿಗೆ ಸಿಗದ ಒಂದು ದೊಡ್ಡ ಆಟ ಉಳಿದುಕೊಂಡಿತಲ್ಲ ಎಂದು ನನಗೆ ಒಳಗೊಳಗೇ ಸಂತೋಷ. ಕಣ್ಣಿಗೆ ಸಿಗದ್ದನ್ನು ಹೇಳಿಯೇ ತೋರಿಸಬೇಕಾಗುತ್ತದೆ.

ನನಗೆ ಅದನ್ನು ತೋರಿಸಿದ್ದು ಮಾಮು. ಆ ಪಂದ್ಯ ನಡೆದಾಗ ನನಗೆ ಮೂರು ವರ್ಷ. ಕಥೆ ಕೇಳಿದ್ದು ಉರ್ದು ಶಾಲೆಯ ನಾಲ್ಕನೆಯದೋ ಐದನೆಯದೋ ತರಗತಿಯಲ್ಲಿದ್ದಾಗ. ಮನೆ ಹುಲಗೋಳದಲ್ಲಿ, ಮಾಮು ಶಿರಸಿ ಪೇಟೆಯ ಒಂದು ಅಂಗಡಿಯ ಜಗುಲಿಯ ಮೇಲೆ ಕೂತು ಕೊಡೆ ರಿಪೇರಿ ಮಾಡುತ್ತಿದ್ದರು. ಜೂನ್ ಎಂದರೆ ಅವರಿಗೆ ಸುಗ್ಗಿ. ತೋಟದವರಿಗೆ ಕೊಳೆರೋಗದ ಚಿಂತೆ, ಮಳೆ ಹೊಳವಾದ ಹೊತ್ತಿನಲ್ಲಿ ಅಡಿಕೆ ಕೊನೆಗೆ ಔಷಧಿ ಹೊಡೆಸುವ ಗಡಿಬಿಡಿ. ಮಾಮುವಿನ ಮುಂದೆ ಮುರಿದ ಕಡ್ಡಿಗಳ ರಾಶಿ. ಕಡ್ಡಿಗೆ ತಂತಿ ಸುತ್ತುತ್ತಲೇ ಅವರು ಟನ್‌ಬ್ರಿಜ್ ವೆಲ್ಸ್ ಪಂದ್ಯ ಹೇಳುತ್ತಿದ್ದರು. ಅವರು ಕೇಳಿದ್ದು ರೇಡಿಯೋ ಸುದ್ದಿಯ ಎರಡು ವಾಕ್ಯ. ಓದಿದ್ದು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಪತ್ರಿಕೆಯ ಒಂದು ಕಾಲಂ. ಉಳಿದದ್ದೆಲ್ಲ ಅವರದೇ. ಕಪಿಲ್ ಸ್ನಾನದ ಮನೆಯಲ್ಲಿದ್ದಾಗ ವಿಕೆಟ್ ಬಿದ್ದವೆಂಬಲ್ಲಿಂದ ಶುರು. ಐದು ವಿಕೆಟ್ ಹೋದ ಮೇಲೆ ಜಗುಲಿಯಲ್ಲಿ ಒಂದು ಕ್ಷಣ ಮೌನ. ಆಮೇಲೆ, ಬಹಳ ಹೊತ್ತಿನ ಮೇಲೆ, “ಆಗ ಬಂದ ನೋಡು ಕಿರ್ಮಾನಿ, ಬೋಳು ತಲೆ ಮಿಂಚಿಸ್ತಾ.”

ಮಾಮುವಿನ ಕಥೆಯಲ್ಲಿ ಕಿರ್ಮಾನಿ ಐವತ್ತಾರು ಹೊಡೆದಿದ್ದರು. ನಾನು ಅದನ್ನೇ ನಂಬಿಕೊಂಡು ಕನ್ನಡ ಶಾಲೆಗೆ ಬಂದ ಮೇಲೂ ಹುಡುಗರ ಮುಂದೆ ವಾದಿಸುತ್ತಿದ್ದೆ. ಎಷ್ಟೋ ವರ್ಷಗಳ ನಂತರ ಸ್ಕೋರ್‌ಕಾರ್ಡು ಕೈಗೆ ಸಿಕ್ಕಿತು. ಸೈಯದ್ ಕಿರ್ಮಾನಿ, ಅಜೇಯ 24. ಸ್ವಲ್ಪ ಪೆಚ್ಚಾಯಿತು. ಪಕ್ಕದ ಕಾಲಂ ನೋಡಿದೆ: ಎದುರಿಸಿದ ಎಸೆತ 56. ಯಾವುದೋ ಪತ್ರಿಕೆಯ ಮೂಲೆಯಲ್ಲಿ ಓದಿದ್ದ ಅಂಕಿ ಮಾಮುವಿನ ತಲೆಯಲ್ಲಿ ಚೆಂಡಿನಿಂದ ರನ್ನಿಗೆ ಜಾರಿಕೊಂಡಿತ್ತು.

ಆದರೆ ಆ ಪಂದ್ಯದ ಮಟ್ಟಿಗೆ ಚೆಂಡಿನ ಲೆಕ್ಕವೇ ಸರಿಯಾದ ಲೆಕ್ಕ ಎಂದು ಈಗ ನನಗೆ ಅನ್ನಿಸುತ್ತದೆ. ಹದಿನೇಳಕ್ಕೆ ಐದು ಎಂಬಲ್ಲಿಂದ 266ಕ್ಕೆ ಹೋಗುವಾಗ ಸೇರಿದ್ದು 249 ರನ್. ಅದರಲ್ಲಿ ಆರನೆಯ ವಿಕೆಟ್ಟಿಗೆ ರೋಜರ್ ಬಿನ್ನಿ ಜತೆ 60, ರವಿ ಶಾಸ್ತ್ರಿ ಜತೆ ಒಂದೇ ಒಂದು, ಮದನ್ ಲಾಲ್ ಜತೆ 62, ಮುರಿಯದ ಒಂಬತ್ತನೆಯ ವಿಕೆಟ್ಟಿಗೆ ಕಿರ್ಮಾನಿ ಜತೆ 126. ಬಿನ್ನಿ ಹೊಡೆದದ್ದು ಇಪ್ಪತ್ತೆರಡೇ ರನ್, ಆದರೆ 48 ಚೆಂಡು ನಿಂತರು. ಹತ್ತನೆಯವರಾಗಿ ಬಂದ ಕಿರ್ಮಾನಿ 56 ಚೆಂಡು ಆಡಿ ಔಟಾಗದೆ ಉಳಿದರು. ಒಬ್ಬ ಹೊಡೆಯಬೇಕಾದರೆ ಇನ್ನೊಬ್ಬ ಇರಬೇಕು. ಹತ್ತು ವಿಕೆಟ್ ಬಿದ್ದರೆ ಎಂಥ ವೀರನೂ ಬ್ಯಾಟು ಹಿಡಿದು ಹೊರಗೆ ನಡೆಯಬೇಕಾಗುತ್ತದೆ. ಕಪಿಲರ 175ರ ದಾಖಲೆಯನ್ನು ಮರುವರ್ಷವೇ ವಿವಿಯನ್ ರಿಚರ್ಡ್ಸ್ ಮುರಿದರು. ಕಪಿಲ್–ಕಿರ್ಮಾನಿ ಜೋಡಿಯ 126 ಮಾತ್ರ ಏಕದಿನ ಕ್ರಿಕೆಟ್ಟಿನಲ್ಲಿ ಒಂಬತ್ತನೆಯ ವಿಕೆಟ್ಟಿನ ಅತಿ ದೊಡ್ಡ ಜತೆಯಾಟವಾಗಿ 2010ರವರೆಗೆ, ಅಂದರೆ ಇಪ್ಪತ್ತೇಳು ವರ್ಷ ಉಳಿಯಿತು. ಮೆಲ್ಬರ್ನಿನಲ್ಲಿ ಶ್ರೀಲಂಕಾದ ಮ್ಯಾಥ್ಯೂಸ್ ಮತ್ತು ಮಾಲಿಂಗ ಅದನ್ನು ದಾಟಿದರು. ತಾರೀಖಿನ ಚೌಕದಲ್ಲಿ ಹೆಚ್ಚು ಬಾಳಿದ ದಾಖಲೆ ಬರುವುದಿಲ್ಲ, ಬೇಗ ಮುರಿದದ್ದು ಬರುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ಇದು ಇನ್ನೊಂದು ಹಳಸಲು ದಾರಿಗೆ ಬೀಳುವ ಅಪಾಯವಿದೆ. ಆ ತಂಡದ ಬಗ್ಗೆ ಬರೆಯುವಾಗ ನಮ್ಮಲ್ಲಿ ಒಂದು ಮೆಚ್ಚಿನ ಪಟ್ಟಿ ಇದೆ: ಕಿರ್ಮಾನಿ ಮುಸ್ಲಿಮ್, ಬಿನ್ನಿ ಕ್ರೈಸ್ತ, ಸಂಧು ಸಿಖ್, ಉಳಿದವರು ಹಿಂದೂಗಳು, ನೋಡಿ ನಮ್ಮ ಭಾರತ ಎಂದು. ಸದುದ್ದೇಶದ ಪಟ್ಟಿಯೇ. ವೇದಿಕೆಯ ಭಾಷಣಗಳಲ್ಲಿ ನಾನೂ ಅದನ್ನು ಬಳಸಿದ್ದೇನೆ. ಆದರೆ ಮನುಷ್ಯರನ್ನು ಹೀಗೆ ಎಣಿಸತೊಡಗಿದರೆ ಅವರು ಆಟಗಾರರಾಗಿ ಉಳಿಯದೆ ಮಾದರಿಗಳಾಗುತ್ತಾರೆ. ನಮ್ಮವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಕಿರ್ಮಾನಿ, ಅಜರುದ್ದೀನ್, ಜಹೀರ್, ಶಮಿ ಎಂದು ತಸ್‌ಬಿ ಎಣಿಸಿದಂತೆ ಎಣಿಸುತ್ತೇವೆ. ಯಾರೋ ನಮ್ಮಿಂದ ಲೆಕ್ಕ ಕೇಳಿದ್ದಾರೆ, ಒಪ್ಪಿಸಿ ರಸೀದಿ ಪಡೆಯಬೇಕು ಎಂಬ ಹಾಗೆ. ಮಾಮು ಇಪ್ಪತ್ನಾಲ್ಕನ್ನು ಐವತ್ತಾರು ಮಾಡಿದ್ದರ ಹಿಂದೆ ಬರೀ ಮರೆವು ಇತ್ತೆಂದು ನಾನು ಹೇಳಲಾರೆ.

ಕಿರ್ಮಾನಿ ಮತ್ತು ಬಿನ್ನಿಯನ್ನು ಜೋಡಿಸುವ ಬೇರೊಂದು ದಾರ ಇದೆ, ಮತ್ತು ಅದು ಹೆಚ್ಚು ಗಟ್ಟಿ. ಇಬ್ಬರೂ ಕರ್ನಾಟಕದ ರಣಜಿ ತಂಡದವರು. ಆ ತಂಡ 1973-74ರಲ್ಲಿ ಮೊದಲ ಸಲ, 1977-78ರಲ್ಲಿ ಎರಡನೆಯ ಸಲ, 1982-83ರಲ್ಲಿ ಮುಂಬಯಿಯನ್ನು ಹಿಂದಿಕ್ಕಿ ಮೂರನೆಯ ಸಲ ಟ್ರೋಫಿ ಗೆದ್ದಿತ್ತು. ವಿಶ್ವಕಪ್ಪಿಗೆ ಹೋಗುವ ಮುಂಚಿನ ಸುಗ್ಗಿ ಅದು. ಮುಂಬಯಿ ಎದುರು ಮಣಿಯದೆ ನಿಲ್ಲುವುದನ್ನು ವರ್ಷಗಟ್ಟಲೆ ಕಲಿತವರಿಗೆ ಹದಿನೇಳಕ್ಕೆ ಐದು ಹೊಸ ಅನುಭವವಾಗಿರಲಿಕ್ಕಿಲ್ಲ. ಬಿನ್ನಿ ಆ ವಿಶ್ವಕಪ್ಪಿನಲ್ಲಿ 18 ವಿಕೆಟ್ ತೆಗೆದು ಎಲ್ಲ ತಂಡಗಳ ಬೌಲರುಗಳಿಗಿಂತ ಮುಂದಿದ್ದರು. ಕಿರ್ಮಾನಿ ಟೂರ್ನಿಯ ಶ್ರೇಷ್ಠ ವಿಕೆಟ್ ಕೀಪರ್ ಎನಿಸಿಕೊಂಡರು. ಅದೇ ಜಿಂಬಾಬ್ವೆ ಎದುರು ಲೆಸ್ಟರಿನಲ್ಲಿ ಒಂದೇ ಇನ್ನಿಂಗ್ಸಿನಲ್ಲಿ ಐದು ಕ್ಯಾಚ್ ಹಿಡಿದಿದ್ದರು. ನಮ್ಮ ಪಕ್ಕದ ತೋಟದ ಹೆಗಡೇರು ಮಾಮುವಿನ ಕಥೆ ಕೇಳಿ ಕೇಳಿ ಬೇಸತ್ತು ಒಮ್ಮೆ ಅಂದಿದ್ದರು: “ಸಾಬ್ರೇ, ನಿಮ್ಮ ಕಿರ್ಮಾನಿ ಹೌದು, ಅಡ್ಡಿಲ್ಲೆ. ಬಿನ್ನಿ ಇಲ್ದೇ ಹೋಗಿದ್ರೆ ಕಿರ್ಮಾನಿ ಬರೋವರೆಗೆ ಆಟ ಎಲ್ಲಿ ಇರ್ತಿತ್ತು?” ಮಾಮುವಿಗೆ ಉತ್ತರ ಹೊಳೆಯಲಿಲ್ಲ. ಹೆಗಡೇರ ಕೊಡೆಯ ಕೂಲಿಯಲ್ಲಿ ಎಂಟಾಣೆ ಹೆಚ್ಚು ತಗೊಂಡರು ಅಷ್ಟೆ.

2021ರ ಡಿಸೆಂಬರಿನಲ್ಲಿ ಕಬೀರ್ ಖಾನ್ ನಿರ್ದೇಶನದ ‘83’ ಚಿತ್ರ ಬಂತು. ಯಾರೂ ನೋಡದ ಪಂದ್ಯವನ್ನು ಎಲ್ಲರಿಗೂ ತೋರಿಸುವ ಹಂಬಲ ಅದರಲ್ಲಿ ಎದ್ದು ಕಾಣುತ್ತದೆ. ಟನ್‌ಬ್ರಿಜ್ ವೆಲ್ಸ್ ಭಾಗ ಅದರ ಹೃದಯ. ರಣವೀರ್ ಸಿಂಗ್ ಕಪಿಲರ ಹೆಗಲು, ನಡಿಗೆ, ಇಂಗ್ಲಿಷಿನ ತೊಡಕು ಎಲ್ಲವನ್ನೂ ಮೈಗೆ ಹಚ್ಚಿಕೊಂಡಿದ್ದಾರೆ. ಪ್ರೇಕ್ಷಕರ ನಡುವೆ ಸ್ವತಃ ಕಪಿಲರೇ ಕಾಣಿಸಿಕೊಂಡಾಗ ಚಪ್ಪಾಳೆ ತಟ್ಟದವರು ಕಡಿಮೆ. ನಾನೂ ತಟ್ಟಿದೆ. ಆದರೂ ಕ್ಯಾಮರಾ ಚೆಂಡಿನ ಹಿಂದೆ, ಬ್ಯಾಟಿನ ಹಿಂದೆ ಓಡುತ್ತದೆಯೇ ಹೊರತು ಎದುರು ತುದಿಯಲ್ಲಿ ಬ್ಯಾಟು ಊರಿ ನಿಂತವನ ಮುಖದ ಮೇಲೆ ತಂಗುವುದಿಲ್ಲ. ಆ 126 ರನ್ನುಗಳ ಹೊತ್ತು ಅವರಿಬ್ಬರು ಓವರ್ ಮುಗಿದಾಗ ನಡುವೆ ಬಂದು ಏನು ಮಾತಾಡಿರಬಹುದು, ಎಷ್ಟು ಸಲ ಸುಮ್ಮನಿದ್ದಿರಬಹುದು ಎಂಬಲ್ಲಿ ಒಳ್ಳೆಯ ಚಿತ್ರಕಥೆಯೊಂದು ಅಡಗಿತ್ತು. ಚಿತ್ರ ಅದನ್ನು ಸಂಗೀತದಿಂದ ತುಂಬಿತು. ಗಲಭೆಗೆ ಸಿಕ್ಕ ಒಂದು ಊರು ಕ್ರಿಕೆಟ್ಟಿನಿಂದ ತಣ್ಣಗಾಗುವ ದೃಶ್ಯಗಳೂ ಅದರಲ್ಲಿವೆ. ನಿರ್ದೇಶಕರ ಆಸೆ ಒಳ್ಳೆಯದೇ. ಕ್ರಿಕೆಟ್ಟಿಗೆ ಆ ಶಕ್ತಿ ಇದೆಯೆಂದು ನಂಬಲು ನಾನು ಸಿದ್ಧನಿದ್ದೆ. ನನಗೆ ಅಡ್ಡಬಂದದ್ದು ಇನ್ನೊಂದು ಜೂನ್ 18.

ಅದನ್ನು ಹೇಳುವ ಮೊದಲು ಒಂದು ಚಿಕ್ಕ ಲೆಕ್ಕ. ನಮ್ಮ ಮನೆಯ ಗೋಡೆಗೆ ಎರಡು ಕ್ಯಾಲೆಂಡರ್ ನೇತುಹಾಕುವುದು ರೂಢಿ. ಒಂದರಲ್ಲಿ ಜೂನ್ 18 ಪ್ರತಿ ವರ್ಷ ಮಳೆಯಲ್ಲೇ ಬರುತ್ತದೆ. ಹಿಜರಿಯದ್ದು ಚಂದ್ರನ ಲೆಕ್ಕ. ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ ಸುಮಾರು ಮೂವತ್ಮೂರು ವರ್ಷಕ್ಕೆ ಒಂದು ಸುತ್ತು ಬರುತ್ತದೆ. ಹಾಗಾಗಿ 1983ರ ಜೂನ್ 18 ಹಿಜರಿ 1403ರ ರಮಝಾನಿನ ಮೊದಲ ವಾರಕ್ಕೆ ಬಿದ್ದಿತ್ತು. ಮೂವತ್ನಾಲ್ಕು ವರ್ಷಗಳ ನಂತರ, 2017ರಲ್ಲಿ, ಅದೇ ತಾರೀಖು ಮತ್ತೆ ರಮಝಾನಿಗೇ, ಈ ಸಲ ಕೊನೆಯ ಹತ್ತು ದಿನಗಳಿಗೆ ಬಂದು ಕೂತಿತು. ಮಾಮು ಕಿರ್ಮಾನಿಯ ಸುದ್ದಿ ಕೇಳಿದ್ದೂ ರೋಜಾ ಹಿಡಿದೇ, ನಾನು ಓವಲ್ ಪಂದ್ಯ ನೋಡಿದ್ದೂ ರೋಜಾ ಹಿಡಿದೇ.

2017ರ ಆ ಭಾನುವಾರ ಲಂಡನ್ನಿನ ಓವಲ್ ಮೈದಾನದಲ್ಲಿ ಚಾಂಪಿಯನ್ಸ್ ಟ್ರೋಫಿ ಫೈನಲ್, ಭಾರತ–ಪಾಕಿಸ್ತಾನ. ಅದು ಅಪ್ಪಂದಿರ ದಿನವೂ ಆಗಿತ್ತು. ಅಪ್ಪ ಯಾರು, ಮಗ ಯಾರು ಎಂಬ ಗೇಲಿ ಒಂದು ವಾರದಿಂದ ಟಿವಿಯಲ್ಲೂ ಮೊಬೈಲಿನಲ್ಲೂ ಹರಿದಾಡಿತ್ತು. ಮೂರು ರನ್ ಇದ್ದಾಗ ಫಖರ್ ಜಮಾನ್ ಬುಮ್ರಾ ಎಸೆತಕ್ಕೆ ಕೀಪರಿಗೆ ಕ್ಯಾಚ್ ಕೊಟ್ಟರು. ಅದು ನೋಬಾಲ್ ಆಗಿತ್ತು. ಅವರು 114 ಹೊಡೆದರು. ಪಾಕಿಸ್ತಾನ 4ಕ್ಕೆ 338. ನಮ್ಮ ಕಡೆ ಹೆಚ್ಚುಕಡಿಮೆ ಇಫ್ತಾರಿನ ಹೊತ್ತಿಗೆ ಭಾರತದ ಆಟ ಶುರುವಾಯಿತು. ಖರ್ಜೂರ ಬಾಯಿಗಿಟ್ಟು ತಲೆ ಎತ್ತುವಷ್ಟರಲ್ಲಿ ಮೊಹಮ್ಮದ್ ಆಮಿರ್ ಮೊದಲ ಓವರಿನಲ್ಲೇ ರೋಹಿತ್ ಶರ್ಮಾರನ್ನು ಕಳಿಸಿಯಾಗಿತ್ತು. ಕೊಹ್ಲಿ, ಧವನ್ ಕೂಡ ಅವರಿಗೇ. ಹಾರ್ದಿಕ್ ಪಾಂಡ್ಯ ಒಬ್ಬರೇ 76 ಹೊಡೆದು ರನೌಟಾದರು. ಭಾರತ 158ಕ್ಕೆ ಮುಗಿಯಿತು. 180 ರನ್ ಸೋಲು.

ತರಾವೀಹ್ ಮುಗಿಸಿ ಟೀ ಅಂಗಡಿಗೆ ಹೋದೆ. ಹತ್ತಾರು ವರ್ಷದಿಂದ ಗುರುತಿರುವವರೇ ಅಲ್ಲಿದ್ದವರು. ಒಬ್ಬರು ನಗುತ್ತಲೇ ಅಂದರು: “ಇವತ್ತು ನಿಮ್ಮವರು ಗೆದ್ರಲ್ಲ, ಟೀ ಕೊಡಿಸಿ.” ತಮಾಷೆಯೇ, ಇಲ್ಲವೆನ್ನಲಾರೆ. ನಾನೂ ನಕ್ಕೆ. ಟೀ ಕೊಡಿಸಿದೆ. ಮನೆಗೆ ಬಂದ ಮೇಲೆ ಆ ನಗು ಗಂಟಲಲ್ಲಿ ಸಿಕ್ಕಿಕೊಂಡಿತು. ರೋಹಿತ್ ಔಟಾದಾಗ ನೀರಿನ ಲೋಟ ಕೆಳಗಿಟ್ಟವನು ನಾನು. ಹಾಗೆಂದು ಅಲ್ಲಿ ಹೇಳಲಿಲ್ಲ. ಹೇಳಿದ್ದರೆ ಸಮಜಾಯಿಷಿ ಆಗುತ್ತಿತ್ತು, ಹೇಳದೆ ಇದ್ದದ್ದು ಒಪ್ಪಿಗೆಯಾಯಿತು. ಮಾಮು ಇನ್ನೂ ಇದ್ದರು; ಕಣ್ಣು ಮಂಜಾಗಿ ಕೊಡೆಯ ಕೆಲಸ ಬಿಟ್ಟಿದ್ದರು. ವಿಷಯ ಕೇಳಿ ಬೈದರು: “ಪಾಕಿಸ್ತಾನ ಗೆದ್ದ ದಿನ ತರಾವೀಹ್ ಮುಗಿಸಿ ಸೀದಾ ಮನೆಗೆ ಬರಬೇಕು ಬೇಟಾ. ಇಷ್ಟು ವಯಸ್ಸಾದ್ರೂ ಗೊತ್ತಾಗ್ಲಿಲ್ವಾ?” ಕಿರ್ಮಾನಿಯ ಕಥೆಯನ್ನು ಅಷ್ಟು ಹಿಗ್ಗಿ ಹೇಳುತ್ತಿದ್ದ ಅದೇ ಬಾಯಿ.

ಅದೇ ದಿನ, ಅದೇ ಲಂಡನ್ನಿನಲ್ಲಿ, ಭಾರತದ ಹಾಕಿ ತಂಡ ಪಾಕಿಸ್ತಾನವನ್ನು 7–1ರಿಂದ ಸೋಲಿಸಿತ್ತು. ವಿಶ್ವ ಹಾಕಿ ಲೀಗ್ ಸೆಮಿಫೈನಲ್ ಹಂತದ ಪಂದ್ಯ. ಹರ್ಮನ್‌ಪ್ರೀತ್, ತಲ್ವಿಂದರ್, ಆಕಾಶ್‌ದೀಪ್ ತಲಾ ಎರಡು ಗೋಲು, ಪರ್ದೀಪ್ ಮೋರ್ ಒಂದು. ಆ ತಂಡದಲ್ಲಿ ಕೊಡಗಿನ ಎಸ್.ವಿ. ಸುನಿಲ್ ಮತ್ತು ಎಸ್.ಕೆ. ಉತ್ತಪ್ಪ ಇದ್ದರು. ಅದೇ ದಿನ ಕಿಡಂಬಿ ಶ್ರೀಕಾಂತ್ ಜಕಾರ್ತದಲ್ಲಿ ಇಂಡೊನೇಷ್ಯಾ ಓಪನ್ ಬ್ಯಾಡ್ಮಿಂಟನ್ ಗೆದ್ದರು. ಟೀ ಅಂಗಡಿಯಲ್ಲಿ ಇವೆರಡರ ಸುದ್ದಿ ಯಾರೂ ಎತ್ತಲಿಲ್ಲ. ಎತ್ತಿದ್ದರೆ ಆ 7–1 ಯಾರ ಗೆಲುವಾಗುತ್ತಿತ್ತು, ಯಾರು ಯಾರಿಗೆ ಟೀ ಕೊಡಿಸಬೇಕಾಗುತ್ತಿತ್ತು ಎಂದು ಕೇಳಬಹುದಿತ್ತು. ನನಗೆ ಹೊಳೆದದ್ದು ಮರುದಿನ. ಇನ್ನೊಂದು ಸಂಗತಿಯೂ ಕರ್ನಾಟಕಕ್ಕೆ ಸೇರಿದ್ದು: ಓವಲ್‌ನಲ್ಲಿ ಸೋತ ತಂಡದ ಕೋಚ್ ಅನಿಲ್ ಕುಂಬ್ಳೆ. ಇದೇ ಪಾಕಿಸ್ತಾನದ ಹತ್ತೂ ವಿಕೆಟ್ಟುಗಳನ್ನು 1999ರ ಫೆಬ್ರುವರಿ 7ರಂದು ದೆಹಲಿಯಲ್ಲಿ ಒಬ್ಬರೇ ಕಿತ್ತವರು. ಎರಡು ದಿನ ಬಿಟ್ಟು, ಜೂನ್ 20ರಂದು, ಅವರು ಆ ಹುದ್ದೆಗೆ ರಾಜೀನಾಮೆ ಕೊಟ್ಟರು. ಫೆಬ್ರುವರಿ 7ರ ಚೌಕದಲ್ಲಿ ಕುಂಬ್ಳೆ ತಪ್ಪದೆ ಇರುತ್ತಾರೆ, ಜೂನ್ 18ರದ್ದರಲ್ಲಿ ಇರುವುದಿಲ್ಲ.

ಆಟದ ಪುಟಕ್ಕೆ ಬಾರದ ಸುದ್ದಿ ಮಧ್ಯಪ್ರದೇಶದಿಂದ ಬಂತು. ಬುರ್ಹಾನ್‌ಪುರ ಜಿಲ್ಲೆಯ ಮೋಹದ್ ಎಂಬ ಹಳ್ಳಿಯಲ್ಲಿ ಪಾಕಿಸ್ತಾನದ ಗೆಲುವಿಗೆ ಪಟಾಕಿ ಹೊಡೆದು ಸಂಭ್ರಮಿಸಿದರೆಂದು ಹದಿನೈದು ಮುಸ್ಲಿಮರನ್ನು ಪೊಲೀಸರು ಬಂಧಿಸಿದರು. ಹಾಕಿದ್ದು ರಾಜದ್ರೋಹದ ಕಲಂ. ಕೆಲವೇ ದಿನಗಳಲ್ಲಿ, ದೂರುದಾರ ಎಂದು ಹೆಸರಿಸಲಾಗಿದ್ದವನೇ ತಾನು ಅಂಥ ದೂರು ಕೊಟ್ಟಿಲ್ಲವೆಂದ. ರಾಜದ್ರೋಹ ಕೈಬಿಟ್ಟು ಸಮುದಾಯಗಳ ನಡುವೆ ವೈರ ಹುಟ್ಟಿಸಿದ ಆರೋಪ ಹೊರಿಸಿದರು. ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿದ್ದು 2023ರ ಅಕ್ಟೋಬರಿನಲ್ಲಿ. ಒಂದು ಪಂದ್ಯದ ಸಂಜೆಗೆ ಆರು ವರ್ಷಕ್ಕೂ ಮಿಕ್ಕಿದ ಕೋರ್ಟು ಅಲೆದಾಟ. ಕಿರ್ಮಾನಿ ಎದುರಿಸಿದ 56 ಚೆಂಡು ನನಗೆ ಈಗ ಬಾಯಿಪಾಠ. ಮೋಹದಿನವರು ಎಷ್ಟು ಸಲ ಕೋರ್ಟಿನ ಮೆಟ್ಟಿಲು ಹತ್ತಿದರೆಂದು ಯಾವ ಸ್ಕೋರ್‌ಕಾರ್ಡಿನಲ್ಲೂ ಬರೆದಿಲ್ಲ.

ಈ ತಾರೀಖಿಗೆ 2021ರಲ್ಲಿ ಇನ್ನೊಬ್ಬರು ಸೇರಿಕೊಂಡರು. ಕೊರೋನಾ ನಂತರದ ತೊಂದರೆಯಿಂದ ಮಿಲ್ಖಾ ಸಿಂಗ್ ಚಂಡೀಗಢದಲ್ಲಿ ತೀರಿಕೊಂಡದ್ದು ಜೂನ್ 18ರ ರಾತ್ರಿ. ವಿಭಜನೆಯಲ್ಲಿ ಹೆತ್ತವರನ್ನು ಕಳೆದುಕೊಂಡು ಈ ಕಡೆಗೆ ಓಡಿ ಬಂದ ಹುಡುಗ; 1960ರಲ್ಲಿ ಲಾಹೋರಿಗೆ ಹೋಗಿ ಓಡಲು ಮೊದಲು ಒಪ್ಪಲಿಲ್ಲ, ಆಮೇಲೆ ಹೋಗಿ ಅಬ್ದುಲ್ ಖಾಲಿಕ್‌ರನ್ನು ಹಿಂದೆ ಹಾಕಿದರು. ಅವರ ಓಟ ನೋಡಿ ‘ಹಾರುವ ಸಿಖ್’ ಎಂದು ಕರೆದವರು ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್. ಆ ಹೆಸರನ್ನು ಮಿಲ್ಖಾ ಸಾಯುವವರೆಗೂ ಇಟ್ಟುಕೊಂಡರು. ಎದುರಾಳಿಯ ನೆಲದಲ್ಲಿ ಸಿಕ್ಕ ಬಿರುದು ಎಂದು ಯಾರೂ ಅವರಿಂದ ಲೆಕ್ಕ ಕೇಳಿದ್ದಿಲ್ಲ.

ಮಾಮು ಈಗಿಲ್ಲ. ಅವರ ಇಕ್ಕಳ, ತಂತಿಯ ಸುರುಳಿ ನಮ್ಮ ಅಟ್ಟದ ಮೇಲೆ ಒಂದು ಡಬ್ಬಿಯಲ್ಲಿವೆ. ತೀರಿಕೊಳ್ಳುವ ಹಿಂದಿನ ಮಳೆಗಾಲದಲ್ಲಿ ಸ್ಕೋರ್‌ಕಾರ್ಡನ್ನು ಅವರಿಗೆ ಓದಿ ಹೇಳಿದ್ದೆ. ಐವತ್ತಾರು ರನ್ನಲ್ಲ, ಚೆಂಡು ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಅಷ್ಟು ಹೊತ್ತು ಔಟಾಗಲಿಲ್ಲವಲ್ಲ, ಹಾಗಾದರೆ ನಾನು ಹೇಳಿದ್ದಕ್ಕಿಂತ ಕಷ್ಟದ ಕೆಲಸವೇ ಅದು ಎಂದರು. ನಂತರ ಬಿನ್ನಿಯದು ಎಷ್ಟು ಚೆಂಡು ಎಂದು ಕೇಳಿದರು. ನಲವತ್ತೆಂಟು ಎಂದೆ. ಹೆಗಡೇರಿಗೆ ಹೇಳಿ ಬಾ ಅಂದರು.